ಬುಧವಾರದ ಸಾಂಬ್ರಾಣಿ

ನನಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಡಬ್ಲಿನ್ನಿನಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ಸಿರಿವಂತರ ಊರಾದ ಲಾಸ್ ಆಲ್ಟೋಸಿಗೆ ಮನೆ ಬದಲಾಯಿಸಿದ ಗೆಳತಿಯ ಮೇಲೆ, ದಿನಕ್ಕೆ ಮೂರು ಸಲ ಮೊಮ್ಮಕ್ಕಳ ಫೋಟೋ ಕಳಿಸುವ ನಾದಿನಿಯ ಮೇಲೆ, ಮಂಡಿನೋವಿಲ್ಲದೆ ದಡದಡ ಮೆಟ್ಟಿಲು ಹತ್ತುವ ಎದುರುಮನೆಯ ಚೀನೀ ಅಜ್ಜಿಯ ಮೇಲೆ ಕೂಡ ಪಟ್ಟಿದ್ದೇನೆ. ಅವೆಲ್ಲ ಒಗ್ಗರಣೆಯ ಸಾಸಿವೆಯ ಹಾಗೆ, ಚಟಪಟ ಅಂದು ಸುಮ್ಮನಾಗುವಂಥವು. ಆಸ್ಟ್ರಿಯಾದ ಒಂದು ದ್ರಾಕ್ಷಿ ತೋಟದ ಯಜಮಾನಿಯ ಮೇಲೆ ಹುಟ್ಟಿದ್ದು ಮಾತ್ರ ಬೇರೆ ಜಾತಿಯದು. ಆಕೆ ನನ್ನ ಮಗಳನ್ನು ಕಿತ್ತುಕೊಂಡಳು. ಹಾಗೆಂದು ಆಗ ನಂಬಿದ್ದೆ. ಈಗಲೂ ಕೆಲವು ದಿನ ನಂಬುತ್ತೇನೆ.

ನನ್ನ ಮಗಳು ಹುಟ್ಟಿ ಬೆಳೆದದ್ದು ಅಮೆರಿಕದಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಎಮರಿವಿಲ್ಲಿನ ಒಂದು ಆನಿಮೇಷನ್ ಸ್ಟುಡಿಯೋದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಕಂಪ್ಯೂಟರಿನಲ್ಲಿ ಎಲೆ ಅಲ್ಲಾಡಿಸುವ ಕೆಲಸ. ಸಿನಿಮಾದಲ್ಲಿ ಗಾಳಿ ಬೀಸಿದರೆ ಮರದ ಎಲೆಗಳು ಒಂದೊಂದೂ ಬೇರೆ ಬೇರೆಯಾಗಿ ಅಲ್ಲಾಡಬೇಕಂತೆ, ಅದಕ್ಕೊಬ್ಬರು ಬೇಕಂತೆ. ಒಂದು ಸಿನಿಮಾಕ್ಕೆ ಎಂಟು ತಿಂಗಳು ಬರೀ ದ್ರಾಕ್ಷಿ ಬಳ್ಳಿಯ ಎಲೆ ಅಲ್ಲಾಡಿಸಿದಳು. ಅದು ಮುಗಿದ ಮೇಲೆ ನಿಜವಾದ ಬಳ್ಳಿ ನೋಡಬೇಕೆಂದು ಮೂರು ವಾರ ರಜೆ ಹಾಕಿ ಆಸ್ಟ್ರಿಯಾಕ್ಕೆ ಹೊರಟಳು.

"ಬಳ್ಳಿ ನೋಡೋಕೆ ಅಷ್ಟು ದೂರ ಯಾಕೆ ಪುಟ್ಟಿ? ಇಲ್ಲೇ ಲಿವರ್ಮೋರಿನಲ್ಲಿ ದ್ರಾಕ್ಷಿ ತೋಟ ಇಲ್ವಾ, ಫ್ರೀವೇ ಹತ್ತಿದ್ರೆ ಹದಿನೈದು ನಿಮಿಷ," ಅಂದೆ.

"ನಾಟ್ ದ ಸೇಮ್, ಅಮ್ಮ," ಅಂದಳು.

ಅದು ಸೆಪ್ಟೆಂಬರ್. ಅಲ್ಲಿ ಕೊಯ್ಲಿನ ಕಾಲ. ಡಾನ್ಯೂಬ್ ನದಿಯ ಕಡೆಯ ಒಂದು ಮನೆತನದ ತೋಟಕ್ಕೆ ವೈನಿನ ರುಚಿ ನೋಡಲು ಹೋದವಳು, ಅವರಿಗೆ ಆಳು ಸಾಲದೆಂದು ಎರಡು ದಿನ ಹಣ್ಣು ಬಿಡಿಸಿಕೊಟ್ಟಳು. ಎರಡು ದಿನ ಎರಡು ವಾರವಾಯಿತು, ಮೂರು ತಿಂಗಳಾಯಿತು. ಡಿಸೆಂಬರಿನಲ್ಲಿ ಬಂದು ಕೆಲಸಕ್ಕೆ ರಾಜೀನಾಮೆ ಕೊಟ್ಟು, ಸೂಟ್‌ಕೇಸಿನಲ್ಲಿ ಚಳಿ ಬಟ್ಟೆ ತುಂಬಿಕೊಂಡು ವಾಪಸು ಹೋದಳು. ನನ್ನ ಗಂಡ ಎಂಜಿನಿಯರ್, ಯಾವುದಕ್ಕೂ ಗಾಬರಿ ಬೀಳುವ ಮನುಷ್ಯನಲ್ಲ. "ಒಂದು ವರ್ಷ ಬಿಡೇ, ಬೇಜಾರಾಗಿ ತಾನೇ ಬರ್ತಾಳೆ," ಅಂದರು. ವರ್ಷ ಎರಡಾಯಿತು. ಅವಳಿಗೆ ಬೇಜಾರಾಗಲಿಲ್ಲ.

ಮನೆಯಲ್ಲಿ ಒಂದು ಲೋಟ ತೊಳೆದವಳಲ್ಲ. ಅಲ್ಲಿ ಬೆಳಗಿನ ಚಳಿಗೆ ಎದ್ದು ಬಳ್ಳಿ ಸವರುತ್ತಾಳೆ, ರಬ್ಬರ್ ಬೂಟು ಹಾಕಿಕೊಂಡು ಪೀಪಾಯಿಯೊಳಗೆ ಇಳಿದು ಉಜ್ಜುತ್ತಾಳೆ. ಭಾನುವಾರ ವೀಡಿಯೋ ಕಾಲಿನಲ್ಲಿ ಕೈ ತೋರಿಸುತ್ತಿದ್ದಳು. ಬೆರಳ ಸಂದಿಯೆಲ್ಲ ಬಿರುಕು. "ಅಯ್ಯೋ, ವ್ಯಾಸಲೀನ್ ಹಚ್ಚೇ," ಎಂದರೆ, "ಷೆಫಿನ್ ಗೇವ್ ಮಿ ಸಮ್‌ಥಿಂಗ್," ಅನ್ನುತ್ತಿದ್ದಳು. ಷೆಫಿನ್ ಎಂದರೆ ಅವರ ಭಾಷೆಯಲ್ಲಿ ಯಜಮಾನಿ. ಮನೆಯಲ್ಲಿ ಇರುವವರು ಮೂರೇ ಜನ: ಈ ಯಜಮಾನಿ, ಆಕೆಯ ಗಂಡ, ಎಂಬತ್ತು ದಾಟಿದ ಮಾವ. ವಯಸ್ಸಿನಲ್ಲಿ ಆಕೆಗೂ ನನಗೂ ಆರು ತಿಂಗಳು ವ್ಯತ್ಯಾಸ. ಅದನ್ನೂ ನಾನು ಕೇಳಿ ತಿಳಿದುಕೊಂಡಿದ್ದೆ.

ಆ ಕಡೆ ವೈನು ಮಾಡುವುದು ಕಂಪನಿಗಳಿಗಿಂತ ಹೆಚ್ಚಾಗಿ ಮನೆಗಳಂತೆ. ನಮ್ಮಲ್ಲಿ ಮನೆಗೊಂದು ಸಾರು ಇದ್ದ ಹಾಗೆ ಅಲ್ಲಿ ಮನೆಗೊಂದು ರೀತಿ. ಪಕ್ಕದ ಮನೆಯವರು ಸ್ಟೀಲ್ ಟ್ಯಾಂಕಿನಲ್ಲಿ ರಸ ತುಂಬಿ, ಪ್ಯಾಕೆಟ್ ಯೀಸ್ಟ್ ಹಾಕಿ, ತಣ್ಣಗಿಟ್ಟು ಬೇಗ ಮುಗಿಸುತ್ತಾರೆ. ವಿಯೆನ್ನಾದ ಗುಡ್ಡದ ಮೇಲಿನ ಒಂದು ಮನೆಯವರು ಹತ್ತು ಜಾತಿಯ ಬಳ್ಳಿ ಒಂದೇ ಹೊಲದಲ್ಲಿ ಬೆರೆಸಿ ನೆಟ್ಟು, ಎಲ್ಲವನ್ನೂ ಒಂದೇ ದಿನ ಕೊಯ್ದು ಒಟ್ಟಿಗೇ ಹುಳಿಯಲು ಬಿಡುತ್ತಾರೆ. ಇವರ ಮನೆಯಲ್ಲಿ ಮಾವನ ಕಾಲದಲ್ಲಿ ಪ್ಯಾಕೆಟ್ಟೇ ಇತ್ತಂತೆ. ಸೊಸೆಯಾಗಿ ಬಂದ ಯಜಮಾನಿ ಅದನ್ನು ನಿಲ್ಲಿಸಿ, ಕೊಟ್ಟಿಗೆಯ ಅಟ್ಟದಿಂದ ಅಜ್ಜನ ಕಾಲದ ದೊಡ್ಡ ಓಕ್ ಪೀಪಾಯಿಗಳನ್ನು ಇಳಿಸಿ ತೊಳೆಸಿದಳಂತೆ. ಮಾವ ಎರಡು ವರ್ಷ ಮಾತು ಬಿಟ್ಟರಂತೆ. ಮೂರನೇ ವರ್ಷದ ವೈನು ಕುಡಿದು, ಏನೂ ಹೇಳದೆ ಲೋಟವನ್ನು ಇನ್ನೊಂದು ಸಲ ಮುಂದೆ ಚಾಚಿದರಂತೆ. ಈ ಕಥೆಯನ್ನು ಮಗಳು ನನಗೆ ನಾಲ್ಕು ಸಲ ಹೇಳಿದ್ದಾಳೆ. ನಾನು ಸೊಸೆಯಾಗಿ ಬಂದು ಏನೇನು ಅನುಭವಿಸಿದೆ ಎಂದು ಅವಳು ಒಂದು ಸಲವೂ ಕೇಳಲಿಲ್ಲ.

ಇನ್ನು ಸಗಣಿಯ ವಿಷಯ. ಒಂದು ಭಾನುವಾರ ಬಹಳ ಗಂಭೀರವಾಗಿ ಹೇಳಿದಳು: ಹಸುವಿನ ಕೊಂಬಿನೊಳಗೆ ಸಗಣಿ ತುಂಬಿ ಚಳಿಗಾಲಕ್ಕೆ ಮುಂಚೆ ಮಣ್ಣಿನಲ್ಲಿ ಹೂತಿಡುತ್ತಾರಂತೆ, ವಸಂತ ಬಂದ ಮೇಲೆ ತೆಗೆದು ನೀರಿಗೆ ಹಾಕಿ, ಒಂದು ಗಂಟೆ ಆ ಕಡೆ ಈ ಕಡೆ ಸುಳಿಯೆದ್ದು ಬರುವಂತೆ ತಿರುಗಿಸಿ ತೋಟಕ್ಕೆಲ್ಲ ಚಿಮುಕಿಸುತ್ತಾರಂತೆ. ತಿರುಗಿಸುವ ಕೆಲಸ ಇವಳಿಗೆ ಕೊಟ್ಟಿದ್ದರಂತೆ. "ಇಟ್ಸ್ ಆನ್ ಆನರ್," ಅಂದಳು. ಇವಳೇ ಆರು ವರ್ಷದವಳಿದ್ದಾಗ ಮೈಸೂರಿನಲ್ಲಿ ನನ್ನ ಅಜ್ಜಿ ಅಂಗಳಕ್ಕೆ ಸಗಣಿ ನೀರು ಹಾಕುವುದನ್ನು ಕಂಡು, ಮೂಗು ಹಿಡಿದುಕೊಂಡು ಕಾರಿನಿಂದ ಇಳಿಯದೆ ರಂಪ ಮಾಡಿದವಳು. ನಮ್ಮಜ್ಜಿ ಹಾಕಿದರೆ ಗಲೀಜು, ಅವರು ಹಾಕಿದರೆ ಆನರ್. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ನಮ್ಮವರು.

ಆದರೆ ನನ್ನ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಯೀಸ್ಟಿನ ವಿಷಯಕ್ಕೆ. "ಅಮ್ಮ, ದೇ ಡೋಂಟ್ ಆಡ್ ಎನಿಥಿಂಗ್," ಅಂದಳು, ಕಣ್ಣರಳಿಸಿ. ಏನೂ ಸೇರಿಸುವುದಿಲ್ಲವಂತೆ. ಹಣ್ಣಿನ ಸಿಪ್ಪೆಯ ಮೇಲೆ, ನೆಲಮಾಳಿಗೆಯ ಗಾಳಿಯಲ್ಲಿ, ಹಳೇ ಮರದಲ್ಲಿ ಇರುವುದೇ ಸಾಕಂತೆ. ಬರೀ ಕಾಯುತ್ತಾರಂತೆ. ಬೆಳಿಗ್ಗೆ ಸಂಜೆ ಪೀಪಾಯಿಗೆ ಕಿವಿಯಿಟ್ಟು ಒಳಗಿನ ಸದ್ದು ಕೇಳಬೇಕು, ಮೂಗಿಟ್ಟು ವಾಸನೆ ನೋಡಬೇಕು. ಹುಳಿಯುವಾಗ ಏಳುವ ಕೆಟ್ಟ ಗಾಳಿ ಮಾಳಿಗೆಯಲ್ಲಿ ತುಂಬಿಕೊಂಡರೆ ಪ್ರಾಣಕ್ಕೇ ಅಪಾಯ, ಅದಕ್ಕೆ ಕೈಯಲ್ಲಿ ಉರಿಯುವ ಮೋಂಬತ್ತಿ ಹಿಡಿದು ಇಳಿಯುವುದು ಆ ಮನೆಯ ಹಳೇ ಪದ್ಧತಿ. ದೀಪ ಆರಿದರೆ ತಕ್ಷಣ ಹೊರಗೆ.

ಏನೂ ಸೇರಿಸದೆ ಕಾಯುವುದು! ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದು ಏನು? ಈ ದೇಶದ ಚಳಿಯಲ್ಲಿ ದೋಸೆ ಹಿಟ್ಟು ಹುದುಗು ಬರಲು ಯಾರ್ಯಾರೋ ಯೀಸ್ಟ್ ಹಾಕುತ್ತಾರೆ, ಇನ್‌ಸ್ಟಂಟ್ ಪಾಟು ಅನ್ನುತ್ತಾರೆ. ನಾನು ಏನೂ ಹಾಕಿದವಳಲ್ಲ. ಕೈಯಿಂದ ಕಲೆಸಿ, ಒವನ್ನಿನ ಲೈಟು ಹಾಕಿ ಒಳಗಿಟ್ಟು, ಮುಚ್ಚಳ ತೆಗೆದು ಮೂಸಿ ನೋಡಿದರೆ ಇನ್ನೆಷ್ಟು ಹೊತ್ತು ಬೇಕೆಂದು ಹೇಳಬಲ್ಲೆ. ಡಬ್ಲಿನ್ನಿನ ಕನ್ನಡದವರೆಲ್ಲ ಹಬ್ಬಕ್ಕೆ ಹಿಟ್ಟು ಕೇಳಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ನನ್ನ ಮಗಳು ಮಾತ್ರ ಆ ಪಾತ್ರೆಯ ಮುಚ್ಚಳ ಒಂದು ದಿನ ಎತ್ತಲಿಲ್ಲ. ಅವಳ ಮೂಗು ನನ್ನದೇ ಮೂಗು. ಅದನ್ನು ಹೆತ್ತವಳು ನಾನು, ಉಪಯೋಗಿಸಿಕೊಂಡವಳು ಆಕೆ.

ಈ ವರ್ಷ ಜನವರಿಯಲ್ಲಿ ಮಗಳು ಫೋನು ಮಾಡಿ, ಮಾರ್ಚಿನಲ್ಲಿ ಯಜಮಾನಿಯ ಜೊತೆ ಬರುತ್ತೇನೆ ಅಂದಳು. ಅವರ ವೈನನ್ನು ಇಲ್ಲಿಗೆ ತರಿಸಿ ಮಾರುವವರು ಯಾರೂ ಇರಲಿಲ್ಲ. ಎಮರಿವಿಲ್ಲಿನಲ್ಲಿ ಆಫೀಸಿರುವ ಒಬ್ಬ ಆಮದುದಾರ ರುಚಿ ನೋಡಲು ಒಪ್ಪಿದ್ದ. ಆಮೇಲೆ ಅವಳು ಹೇಳಿದ ಮಾತಿಗೆ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ತೆಗೆದುಕೊಂಡರೆ ಇಲ್ಲಿ ರೆಸ್ಟೋರೆಂಟುಗಳಿಗೆಲ್ಲ ಓಡಾಡಿ ವೈನು ಪರಿಚಯಿಸಲು ಒಬ್ಬರು ಬೇಕು. ಆ ಒಬ್ಬರು ಇವಳೇ. ಕೊಯ್ಲಿಗೆ ಎರಡು ತಿಂಗಳು ಅಲ್ಲಿ, ಉಳಿದ ಹತ್ತು ತಿಂಗಳು ಇಲ್ಲಿ. "ಕ್ಯಾನ್ ಐ ಹ್ಯಾವ್ ಮೈ ಓಲ್ಡ್ ರೂಮ್?" ಎಂದು ಕೇಳಿದಳು. ಅವಳ ರೂಮಿನ ಬೆಡ್‌ಶೀಟನ್ನು ಅವತ್ತೇ ಒಗೆದೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಆಸ್ಟ್ರಿಯಾದ ವೈನು ಅಮೆರಿಕದಲ್ಲಿ ಚೆನ್ನಾಗಿ ಓಡಲಪ್ಪ ಎಂದು ಬೇಡಿಕೊಂಡ ಮೈಸೂರಿನ ಮೊದಲ ಹೆಂಗಸು ನಾನೇ ಇರಬೇಕು.

ಅವರು ಸೋಮವಾರ ಬಂದಿಳಿದರು. ಯಜಮಾನಿ ನಾನಂದುಕೊಂಡಷ್ಟು ಎತ್ತರವಿರಲಿಲ್ಲ. ಕತ್ತರಿಸಿದ ಬಿಳಿ ಕೂದಲು, ಬಣ್ಣ ಹಚ್ಚಿಲ್ಲ. ಉಗುರಿನ ಅಂಚು ಎಷ್ಟು ತೊಳೆದರೂ ಹೋಗದ ಕಪ್ಪು. ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡು ತುಂಡು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದಳು. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ಊಟವಾದ ಮೇಲೆ ಮಗಳೂ ಆಕೆಯೂ ಬಾಟಲಿಗಳನ್ನು ಬಿಚ್ಚಿ ಜೋಡಿಸಿದರು. ಆಕೆ ತಿರುಗಿ ನೋಡದೆ ಕೈ ಚಾಚಿದಳು. ಮಗಳು ಕೇಳದೆ ಆ ಕೈಗೆ ಬಟ್ಟೆ ಕೊಟ್ಟಳು. ಅಷ್ಟೇ. ಮಾತಿಲ್ಲದೆ ಕೆಲಸ ಸಾಗುವುದು ಎಷ್ಟೋ ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರ ನಡುವೆ ಮಾತ್ರ. ನಾನು ಪಾತ್ರೆ ತೊಳೆಯುತ್ತ ಅದನ್ನೇ ನೋಡುತ್ತಿದ್ದೆ.

ಮಂಗಳವಾರ ಆಮದುದಾರನ ಫೋನು ಬಂತು. ಆಫೀಸಿಗೆ ಪೇಂಟು ಹೊಡೆಯುತ್ತಿದ್ದಾರೆ, ಆ ವಾಸನೆಯಲ್ಲಿ ವೈನು ನೋಡಲಾಗುವುದಿಲ್ಲ, ಬೇರೆ ಜಾಗ ಇದೆಯಾ ಎಂದು. ಮಗಳು ತಟಕ್ಕನೆ ನಮ್ಮ ಮನೆಯ ವಿಳಾಸ ಕೊಟ್ಟಳು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅವನದು ಒಂದೇ ಷರತ್ತು, ಮನೆಯಲ್ಲಿ ಯಾವ ವಾಸನೆಯೂ ಇರಬಾರದು.

"ಅಮ್ಮ, ಪ್ಲೀಸ್," ಎಂದು ಶುರು ಮಾಡಿದಳು. ನಾಳೆ ಕಾಫಿ ಬೇಡ. ಒಗ್ಗರಣೆ ಬೇಡ. ಊದುಬತ್ತಿ ಬೇಡ, ಮಲ್ಲಿಗೆ ಬೇಡ, ತಲೆಗೆ ಎಣ್ಣೆ ಕೂಡ ಬೇಡ.

"ಆಯ್ತಮ್ಮ, ಉಸಿರಾದರೂ ಆಡಲಾ?" ಅಂದೆ. ನಗುತ್ತಲೇ ಅಂದದ್ದು. ಒಪ್ಪಿಕೊಂಡದ್ದೂ ಮನಸಾರೆ.

ಆಮೇಲೆ ಇಬ್ಬರೂ ಮನೆ ಖಾಲಿ ಮಾಡಲು ನಿಂತರು. ಯಜಮಾನಿ ಹಾಲ್‌ನ ಮಧ್ಯೆ ನಿಂತು ಕಣ್ಣು ಮುಚ್ಚಿ ಮೂಸುವುದು, ಬೆರಳು ತೋರಿಸುವುದು, ಮಗಳು ಎತ್ತಿಕೊಂಡು ಹೋಗುವುದು. ಪರದೆಗಳಿಗೆ ಅರಿಶಿನ ಒಗ್ಗರಣೆಯ ವಾಸನೆ ಅಂತ ಅವನ್ನು ಇಳಿಸಿದರು. ಸೋಫಾದ ದಿಂಬು ಹೋಯಿತು. ಮಸಾಲೆ ಡಬ್ಬಿ, ಸಾರಿನ ಪುಡಿ, ಇಂಗಿನ ಡಬ್ಬ, ಉಪ್ಪಿನಕಾಯಿ ಭರಣಿ, ದೇವರ ಮುಂದಿನ ಹೂವು ಎಲ್ಲವೂ ಗರಾಜಿಗೆ ಹೋದವು. ಒಂದು ಗಂಟೆಯಲ್ಲಿ ನನ್ನ ಮನೆ ಮಾರಾಟಕ್ಕಿಟ್ಟ ಮನೆಯ ಹಾಗಾಯಿತು. ನಾನು ಹತ್ತು ತಿಂಗಳು, ಹತ್ತು ತಿಂಗಳು ಎಂದು ಮನಸ್ಸಿನಲ್ಲೇ ಜಪ ಮಾಡಿದೆ.

ಉಳಿದದ್ದು ದೋಸೆ ಹಿಟ್ಟಿನ ಪಾತ್ರೆ ಒಂದು. ಸಂಜೆ ರುಬ್ಬಿ ಒವನ್ನಿನಲ್ಲಿಟ್ಟಿದ್ದೆ. ಯಜಮಾನಿ ಅದರ ಬಾಗಿಲು ತೆರೆದು, ಮುಚ್ಚಳ ಎತ್ತಿ, ಬಗ್ಗಿ ಮೂಸಿದಳು. ತನ್ನ ಭಾಷೆಯಲ್ಲಿ ಮಗಳಿಗೆ ಏನೋ ಹೇಳಿದಳು. ಮಗಳು ಜೋರಾಗಿ ನಕ್ಕಳು.

"ಏನಂದ್ಲೇ?" ಅಂದೆ.

"ಇಟ್ ವಿಲ್ ಬಿ ರೆಡಿ ಅಟ್ ಟೆನ್ ಟುಮಾರೋ ಮಾರ್ನಿಂಗ್. ಷೀ ಸೇಸ್ ಇಟ್ಸ್ ವೆರಿ ಗುಡ್."

ಹತ್ತೂವರೆ ಎಂದು ನಾನು ಲೆಕ್ಕ ಹಾಕಿದ್ದೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹಿಟ್ಟು ಉಬ್ಬಿ ಮುಚ್ಚಳ ಮುಟ್ಟಿತ್ತು. ಮೂವತ್ತು ವರ್ಷದಲ್ಲಿ ನನ್ನ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಾಗದ ವಿಷಯ ಅದು. ಅಕ್ಕಿ ಯಾವುದು ಉದ್ದು ಯಾವುದು ಎಂದು ತಿಳಿಯದವಳು ಒಂದೇ ಉಸಿರಿಗೆ ಹೇಳಿದ್ದಳು, ನನಗಿಂತ ಸರಿಯಾಗಿ.

ಅದೇ ಹೊತ್ತಿಗೆ ಹೊರಗೆ ಸದ್ದಾಯಿತು. ಮಗಳು ಸ್ಟೂಲು ಹಿಡಿದುಕೊಂಡಿದ್ದಳು, ಯಜಮಾನಿ ಅದರ ಮೇಲೆ ನಿಂತು ಹಿತ್ತಲಿನ ಪೈನ್ ಮರದ ಒಂದು ಕೊಂಬೆಯನ್ನು ನಮ್ಮ ಬಾಗಿಲಿನ ಮೇಲೆ, ನನ್ನ ಮಾವಿನೆಲೆಯ ಪ್ಲಾಸ್ಟಿಕ್ ತೋರಣಕ್ಕಿಂತ ಮೇಲೆ ಕಟ್ಟುತ್ತಿದ್ದಳು. ಅದು ಅವರ ಸಂಪ್ರದಾಯ. ವೈನು ಮಾಡುವ ಮನೆಯವರು ತಮ್ಮ ಮನೆಯಲ್ಲೇ ಜನಕ್ಕೆ ಬಡಿಸುವ ದಿನಗಳಲ್ಲಿ ಬಾಗಿಲಿಗೆ ಹಸಿರು ಕೊಂಬೆ ಕಟ್ಟುತ್ತಾರೆ. ಕೊಂಬೆ ಇದ್ದರೆ ಬಾಗಿಲು ತೆರೆದಿದೆ, ಯಾರು ಬೇಕಾದರೂ ಒಳಗೆ ಬರಬಹುದು ಎಂದರ್ಥ. ವೈನು ಮುಗಿದ ಮೇಲೆ ಮನೆಯವರೇ ಬಿಚ್ಚಬೇಕು. ಮಗಳು ಇದನ್ನು ವಿವರಿಸುವಾಗ ಮುಖ ಹೊಳೆಯುತ್ತಿತ್ತು. ಯುಗಾದಿಗೆ ತೋರಣ ಕಟ್ಟೇ ಎಂದರೆ ಫೋನಿನಿಂದ ತಲೆ ಎತ್ತದಿದ್ದ ಮಗಳು!

ಅದನ್ನೂ ನುಂಗಿಕೊಂಡೆ. ಹನ್ನೊಂದಕ್ಕೆ ಇನ್ನು ಹತ್ತು ನಿಮಿಷವಿತ್ತು. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ, ಗಂಡ ಆಫೀಸಿಗೆ ಹೋಗಿದ್ದರು. ಹಾಲ್‌ನಲ್ಲಿ ಯಜಮಾನಿ ಕೊನೆಯ ಸಲ ಮೂಸಿ ನೋಡಿ, ವಾಸನೆ ಇನ್ನೂ ಇದೆ ಎಂಬಂತೆ ತಲೆಯಾಡಿಸಿದ ಹಾಗಿತ್ತು. ಆಗ ಮಗಳ ದನಿ ಕೇಳಿಸಿತು, ಮೆಲ್ಲಗೆ, ತಪ್ಪೊಪ್ಪಿಕೊಳ್ಳುವ ದನಿ.

"ಸಾರಿ. ಇಟ್ ಆಲ್ವೇಸ್ ಸ್ಮೆಲ್ಸ್ ಇನ್ ಹಿಯರ್."

ಈ ಮನೆ ಯಾವಾಗಲೂ ವಾಸನೆಯೇ. ಕ್ಷಮಿಸಿ.

ಶಾಲೆಗೆ ಚಿತ್ರಾನ್ನ ಕಟ್ಟಿದರೆ ತಿನ್ನದೆ ವಾಪಸು ತರುತ್ತಿದ್ದ ಮಗುವಿನ ದನಿಯೇ ಅದು. ಆಗ ಬೇರೆ ಮಕ್ಕಳು ನಗುತ್ತಾರೆಂದು ನನಗೆ ಅರ್ಥವಾಗಿತ್ತು, ಸ್ಯಾಂಡ್‌ವಿಚ್ ಕಟ್ಟಿದ್ದೆ. ಈಗ ಮೂವತ್ತರ ಹೆಂಗಸು, ನನ್ನ ಮನೆಯಲ್ಲಿ ನಿಂತು, ನನ್ನ ಪರವಾಗಿ ಆಕೆಯ ಹತ್ತಿರ ಕ್ಷಮೆ ಕೇಳುತ್ತಿದ್ದಳು.

ಮುಂದೆ ನಾನು ಮಾಡಿದ್ದನ್ನು ಕೋಪದಲ್ಲಿ ಕೈ ತಪ್ಪಿ ಮಾಡಿದೆ ಎಂದು ಹೇಳುವ ಹಾಗಿಲ್ಲ. ಗರಾಜಿಗೆ ಹೋಗಬೇಕಿತ್ತು, ಹೋದೆ. ಇಂಗಿನ ಡಬ್ಬ, ಸಾಸಿವೆ, ಒಣಮೆಣಸಿನಕಾಯಿ ಆಯ್ದು ತಂದೆ. ಬಾಣಲೆಯಿಟ್ಟು ಎಣ್ಣೆ ಹೊಗೆಯಾಡುವ ತನಕ ಕಾಯಿಸಿದೆ. ಚಟಚಟ ಅಂದ ಮೇಲೆ ಇಂಗು ಒಂದು ಚಿಟಿಕೆಯಲ್ಲ, ಒಂದು ಚಮಚ. ಮೆಣಸಿನಕಾಯಿ ಕಪ್ಪಗಾಗುವ ತನಕ ಬಿಟ್ಟೆ. ಅದು ಸಾಲದೆಂದು ದೇವರ ಗೂಡಿನ ಕೆಳಗಿನ ಸಾಂಬ್ರಾಣಿ ಕಪ್ ತೆಗೆದು ಹಚ್ಚಿ ಊದಿದೆ. ನೆರೆಮನೆಯವರಿಗೆ ಅಪಶಕುನವಾಗಲಿ ಎಂದು ತನ್ನ ಮೂಗನ್ನೇ ಕೊಯ್ದುಕೊಂಡವಳ ಕಥೆ ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೆ. ಹತ್ತು ತಿಂಗಳ ಜಪ ಆಗ ಎಲ್ಲಿಗೆ ಹೋಗಿತ್ತೋ ಕಾಣೆ. ಹೊಗೆ ಹಾಲ್‌ಗೆ ಹೋಗುವುದನ್ನು ನೋಡುತ್ತ ನಿಂತಾಗ ನನಗೆ ನಿಜವಾಗಿಯೂ ಸಂತೋಷವಾಯಿತು.

ಆಮದುದಾರ ಬಾಗಿಲು ದಾಟುವುದಕ್ಕೂ ಸ್ಮೋಕ್ ಅಲಾರಂ ಕಿರುಚುವುದಕ್ಕೂ ಸರಿಹೋಯಿತು. ಅವನು ಅಲ್ಲೇ ನಿಂತು ಮೂರು ಸಲ ಸೀನಿದ. ಮಗಳು ಕೆಮ್ಮುತ್ತ ಕಿಟಕಿಗಳನ್ನೆಲ್ಲ ತೆಗೆದಳು. ಗರಾಜಿನಲ್ಲಿ ನೋಡೋಣ ಎಂದು ಬಾಟಲಿ ಹಿಡಿದು ಓಡಿದರೆ ಅಲ್ಲಿ ಅವರೇ ಸಾಗಿಸಿದ ಮಸಾಲೆ, ಉಪ್ಪಿನಕಾಯಿ, ಹೂವು ಎಲ್ಲ ಸಭೆ ಸೇರಿದ್ದವು. ಹಿತ್ತಲಿಗೆ ಹೋದರು. ಡಬ್ಲಿನ್ನಿನ ಗಾಳಿ ಗೊತ್ತಲ್ಲ, ಅಡುಗೆಮನೆಯ ಎಕ್ಸಾಸ್ಟಿನಿಂದ ಬಂದ ಘಾಟನ್ನೆಲ್ಲ ನೇರವಾಗಿ ಅವರ ಮುಖಕ್ಕೆ ತಂದು ಹಾಕಿತು. ಅವನು ಲೋಟದಲ್ಲಿ ಮೂಗಿಟ್ಟ, ತೆಗೆದ, ಮತ್ತೆ ಇಟ್ಟ. ಆಗುವುದಿಲ್ಲವೆಂದು ತಲೆಯಾಡಿಸಿದ.

ಆಗ ಯಜಮಾನಿ ಮಾತಾಡಿದಳು. ತನ್ನ ತುಂಡು ಇಂಗ್ಲಿಷಿನಲ್ಲಿ, ತಪ್ಪು ತನ್ನದು ಅಂದಳು. ಇಂಥ ಊಟದ ಜೊತೆ ವೈನು ಹೇಗಿರುತ್ತದೆ ಎಂದು ತೋರಿಸಲು ತಾನೇ ಒಗ್ಗರಣೆ ಹಾಕಲು ಕೇಳಿದೆ, ಇಷ್ಟು ಹೊಗೆಯಾಗುತ್ತದೆಂದು ತಿಳಿದಿರಲಿಲ್ಲ ಅಂದಳು. ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ. ಆಕೆಯ ತೋಟ, ಆಕೆಯ ಕೆಲಸ, ಆಕೆಯ ಮೈಲಿಗಟ್ಟಲೆ ಪ್ರಯಾಣ ಹಾಳಾಗಿತ್ತು, ಆದರೂ ನನ್ನ ಮಾನ ಮುಚ್ಚಲು ಸುಳ್ಳು ಹೇಳಿದಳು. ಕೃತಜ್ಞತೆ ಹುಟ್ಟಬೇಕಿತ್ತು. ನನಗೆ ಹುಟ್ಟಿದ್ದು ಆ ಒಳ್ಳೆಯತನದ ಮೇಲೂ ಹೊಟ್ಟೆಕಿಚ್ಚೇ. ಅಷ್ಟು ದೊಡ್ಡ ಮನಸ್ಸು ಮಗಳ ಕಣ್ಣೆದುರು ಮೆರೆದದ್ದು ಆಕೆಯದು, ನನ್ನದಲ್ಲ.

ಆಮದುದಾರ ಸಭ್ಯ ಮನುಷ್ಯ. ಮರುದಿನವೇ ತಾನು ಬೇರೆ ಊರಿಗೆ ಹೊರಟಿದ್ದೇನೆ, ಮುಂದಿನ ವರ್ಷ ನೋಡೋಣ ಎಂದು ಕೈ ಕುಲುಕಿ ಹೋದ. ಮುಂದಿನ ವರ್ಷ ನೋಡೋಣ ಎಂದರೆ ಏನರ್ಥವೆಂದು ಈ ದೇಶದಲ್ಲಿ ಮೂವತ್ತು ವರ್ಷ ಇದ್ದವರಿಗೆ ಹೇಳಿಕೊಡಬೇಕಿಲ್ಲ. ಯಜಮಾನಿ ಹಿತ್ತಲಿನಲ್ಲೇ ಕೂತಳು. ಮಗಳು ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಒಲೆ ಒರೆಸುತ್ತಿದ್ದೆ.

"ವೈ, ಅಮ್ಮ?"

"ಏನು ವೈ? ಸಾಂಬ್ರಾಣಿ ತಾನೇ. ದೇವರಿಗೆ ಹಾಕೋದು ಬಿಡೋಕಾಗತ್ತಾ? ಶುಕ್ರವಾರ ಹಾಕಲೇಬೇಕು, ಅಭ್ಯಾಸ, ಮರೆತುಹೋಯ್ತು."

ಅವಳು ತಲೆ ಎತ್ತಿ ಸ್ಮೋಕ್ ಅಲಾರಂ ಕಡೆ ನೋಡಿದಳು. ಚಿಕ್ಕವಳಿದ್ದಾಗ ಶುಕ್ರವಾರ ಸಂಜೆ ಅಲಾರಂ ಹೊಡೆದುಕೊಳ್ಳದ ಹಾಗೆ ಅದರ ಕೆಳಗೆ ನಿಂತು ಟವೆಲ್ ಬೀಸುವುದು ಅವಳ ಪಾಲಿನ ಕೆಲಸವಾಗಿತ್ತು. ನಮ್ಮ ಮನೆಯಲ್ಲಿ ಅವಳು ಮಾಡಿದ ಕೆಲಸ ಅದೊಂದೇ. ಅದನ್ನು ನಾನು ಮರೆತಿದ್ದೆ.

"ಇವತ್ತು ಬುಧವಾರ ಅಮ್ಮ," ಅಂದಳು. ಕನ್ನಡದಲ್ಲಿ.

ಇಷ್ಟು ವರ್ಷ ಕನ್ನಡದಲ್ಲಿ ಉತ್ತರ ಹೇಳೇ ಎಂದು ಗೋಗರೆದಿದ್ದೆ. ಹೇಳಿದಳು. ನಾನು ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ.

ಗುರುವಾರ ಅವಳೇ ಪರದೆಗಳನ್ನು ಮತ್ತೆ ತೂಗುಹಾಕಿದಳು, ಮಸಾಲೆ ಡಬ್ಬಿಯನ್ನು ಒರೆಸಿ ಅದರ ಜಾಗದಲ್ಲಿಟ್ಟಳು. ಶುಕ್ರವಾರ ಇಬ್ಬರೂ ಹೊರಟರು. ಏರ್‌ಪೋರ್ಟಿನಲ್ಲಿ ತಬ್ಬಿಕೊಂಡಳು, ಜಗಳವಾಡಲಿಲ್ಲ. ಜಗಳವಾಡಿದ್ದರೆ ವಾಸಿಯಿತ್ತು. ಮನೆಗೆ ಬಂದು ಫ್ರಿಜ್ಜು ತೆಗೆದರೆ ಒಂದು ಬಾಟಲಿ ಅರ್ಧ ಉಳಿದಿತ್ತು. ನಾನು ವೈನು ಕುಡಿದವಳಲ್ಲ, ಅವತ್ತೂ ಕುಡಿಯಲಿಲ್ಲ. ಮುಚ್ಚಳ ತೆಗೆದು ಮೂಸಿದೆ. ಮೊದಲು ಹಸಿ ಸೇಬು, ಆಮೇಲೆ ಬಿಳಿ ಮೆಣಸು, ಅದರ ಹಿಂದೆ ಎಲ್ಲೋ ದೂರದಲ್ಲಿ ಅಕ್ಕಿ ತೊಳೆದ ನೀರು. ಯಾವುದೂ ಜೋರಾಗಿರಲಿಲ್ಲ, ಯಾವುದೂ ಅವಸರದಲ್ಲಿರಲಿಲ್ಲ. ಬಹಳ ಚೆನ್ನಾಗಿತ್ತು. ಪೇಂಟು ಹೊಡೆಯದ ಆಫೀಸಿನಲ್ಲಿ, ಒಗ್ಗರಣೆ ಹಾಕದ ಮನೆಯಲ್ಲಿ ಯಾರು ಮೂಸಿದ್ದರೂ ಬೇಡವೆನ್ನುತ್ತಿರಲಿಲ್ಲ. ಬಾಟಲಿ ಹಿಡಿದುಕೊಂಡು ಸಿಂಕಿನ ಮುಂದೆ ನಿಂತು ಅತ್ತೆ.

ಕೊಂಬೆಯನ್ನು ಬಿಚ್ಚಲು ಅವರಿಬ್ಬರಿಗೂ ನೆನಪಾಗಿರಲಿಲ್ಲ. ಏಪ್ರಿಲ್ಲಿನಲ್ಲಿ ಹಸಿರಿತ್ತು, ಮೇ ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಈಗ ಬಾಗಿಲು ಹಾಕಿ ತೆಗೆದಾಗಲೆಲ್ಲ ಒಣಗಿದ ಸೂಜಿಯೆಲೆಗಳು ರಂಗೋಲಿಯ ಮೇಲೆ ಉದುರುತ್ತವೆ. ನಾನು ಗುಡಿಸುತ್ತೇನೆ. ಜುಲೈನಲ್ಲಿ ನಮ್ಮ ಎಚ್‌ಓಎಯಿಂದ ಪತ್ರ ಬಂತು. ಯಾರ ಮನೆಯ ಬಾಗಿಲು ಯಾವ ಬಣ್ಣದಲ್ಲಿರಬೇಕೆಂದು ತೀರ್ಮಾನಿಸುವ ನಿವಾಸಿಗಳ ಸಂಘ ಅದು. ಹಬ್ಬದ ಅಲಂಕಾರಗಳನ್ನು ಹಬ್ಬ ಮುಗಿದ ಮೇಲೆ ತೆಗೆಯತಕ್ಕದ್ದು ಎಂದು ಬರೆದು, ಕೊಂಬೆಯ ಫೋಟೋ ಸಹ ಅಂಟಿಸಿದ್ದರು. ಗಂಡ ಸ್ಟೂಲು ಎತ್ತಿಕೊಂಡು ಹೊರಟರು.

"ಮುಟ್ಟಬೇಡಿ ರೀ," ಅಂದೆ.

"ಒಣಗಿ ಕಡ್ಡಿಯಾಗಿದೆಯಲ್ಲೇ."

"ಇರ್ಲಿ."

ಅವರು ಸ್ಟೂಲು ಅಲ್ಲೇ ಇಟ್ಟು ನನ್ನ ಮುಖ ನೋಡಿದರು. ಬುಧವಾರದ ವಿಷಯ ಅವರಿಗೆ ನಾನು ಹೇಳಿರಲಿಲ್ಲ. ಮಗಳೂ ಹೇಳಿರಲಿಕ್ಕಿಲ್ಲ.

ಸಂಘಕ್ಕೆ ನಾನೇ ಉತ್ತರ ಬರೆದೆ. 'ಇದು ಅಲಂಕಾರವಲ್ಲ, ನಮ್ಮ ಧರ್ಮದ ಆಚರಣೆ. ಮನೆಯ ಮಗಳು ಬರುವ ತನಕ ಬಾಗಿಲಿನ ಕೊಂಬೆ ಇಳಿಸುವ ಹಾಗಿಲ್ಲ.' ಮೂರೇ ದಿನದಲ್ಲಿ ಕ್ಷಮೆ ಕೇಳಿ ಉತ್ತರ ಬಂತು. ತಮಗೆ ತಿಳಿದಿರಲಿಲ್ಲ, ಎಷ್ಟು ದಿನ ಬೇಕಾದರೂ ಇರಲಿ ಎಂದು. ಗಂಡ ಅದನ್ನು ಓದಿ, "ಯಾವ ಶಾಸ್ತ್ರದಲ್ಲಿದೆಯೇ ಇದು?" ಎಂದು ಕೇಳಿದರು.

ಭಾನುವಾರದ ಫೋನು ಈಗಲೂ ಬರುತ್ತದೆ. ಕೊಯ್ಲು ಮತ್ತೆ ಶುರುವಾಗಿದೆ, ಅವಳ ಬೆರಳು ಮತ್ತೆ ಬಿರಿದಿವೆ. ಹಳೇ ರೂಮಿನ ಮಾತು ಅವಳು ಎತ್ತಿಲ್ಲ, ಕೊಂಬೆಯ ಮಾತು ನಾನು ಎತ್ತಿಲ್ಲ. ಸಂಘಕ್ಕೆ ಬರೆದದ್ದು ದೇವರ ಹೆಸರಿನಲ್ಲಿ ನಾನು ಹೇಳಿದ ಎರಡನೆಯ ಸುಳ್ಳು. ಮೊದಲನೆಯದನ್ನು ಅವಳು ನಿಂತ ಜಾಗದಲ್ಲೇ ಹಿಡಿದಳು. ಇದನ್ನೂ ಅವಳೇ ಬಂದು ಹಿಡಿಯಲಿ.